ಮರ ಅಳೆದು ಹತ್ತುವುದು ಹೇಗೆ: ಬುಡದಿಂದ ನೆತ್ತಿಯವರೆಗೆ ಹಂತಹಂತವಾಗಿ

ಕಳೆದ ಬೇಸಿಗೆಯಲ್ಲಿ ಇಬ್ಬರು ಗೆಳೆಯರು ಕೊಡಗಿನ ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ 50 ಮೀಟರ್ ಎತ್ತರದ ಬಳಂಜಿ ಮರ ಸಿಕ್ಕಿತೆಂದು ಹೇಳಿಕಳುಹಿಸಿದರು. ಹೋಗಿ ಅಳೆದರೆ 41 ಮೀಟರ್ ಚಿಲ್ಲರೆ. ಮರವೇನೂ ಕುಗ್ಗಿರಲಿಲ್ಲ. ಅವರು ಅಳೆದದ್ದು ನೆತ್ತಿಯನ್ನಲ್ಲ, ತಮ್ಮ ಕಡೆಗೆ ಚಾಚಿಕೊಂಡಿದ್ದ ಕೊಂಬೆಯನ್ನು. ವಾರ ಕಳೆದು ಅದೇ ಮರ ಹತ್ತಲು ಹೋದವರು ಎಸೆದ ನೂಲನ್ನು ಕವಲಿಗೆ ಸಿಕ್ಕಿಸಿ, ಜಗ್ಗಿ, ಹರಿದು, ಸಂಜೆ ಬರಿಗೈಯಲ್ಲಿ ಮರಳಿದರು.

ಇಂಥ ಕತೆಗಳನ್ನು ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ. ಹತ್ತರಲ್ಲಿ ಒಂಬತ್ತು ತಪ್ಪುಗಳು ಕಾಲು ನೆಲ ಬಿಡುವ ಮೊದಲೇ ಆಗಿಹೋಗಿರುತ್ತವೆ. ಹಾಗಾಗಿ ನೆಲದ ಮೇಲಿನ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ. ಓದಿದ ಮಾತ್ರಕ್ಕೆ ಹಗ್ಗದ ಕೆಲಸ ಬರುವುದಿಲ್ಲ; ಹತ್ತುವ ಭಾಗವನ್ನು ಬಲ್ಲವರ ಎದುರು, ಅವರ ಕಣ್ಣಳತೆಯಲ್ಲೇ ಕಲಿಯಬೇಕು. ಅಳೆಯುವ ಭಾಗವನ್ನು ಮಾತ್ರ ನಾಳೆಯೇ ಒಬ್ಬರೇ ಶುರು ಮಾಡಬಹುದು.

## ಹಂತ 1: ಯಾವ ಮರ, ಯಾವ ಕಾಲ, ಯಾರ ಒಪ್ಪಿಗೆ

ನಿಮ್ಮದೇ ತೋಟದ ಮರವಾದರೆ ಚಿಂತೆಯಿಲ್ಲ. ಬೇರೆಯವರದಾದರೆ ಮಾಲೀಕರ ಒಪ್ಪಿಗೆಯ ಜೊತೆಗೆ ತೋಟದ ಮೇಲ್ವಿಚಾರಣೆ ನೋಡುವ ರೈಟರಿಗೂ ವಿಷಯ ಗೊತ್ತಿರಲಿ. ಎಲ್ಲಿ ಆನೆ ಇದೆ, ಯಾವ ಮರದ ಕೊಂಬೆ ಹೋದ ಮಳೆಗಾಲದಲ್ಲಿ ಮುರಿಯಿತು ಎಂಬುದು ಮಾಲೀಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಸಿದ್ದಾಪುರ, ಪಾಲಿಬೆಟ್ಟದ ಕಡೆ ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ಈ ವಿಚಾರಣೆ ಮಾಡಲೇಬೇಕು.

ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯ ರಕ್ಷಿತ ಕಾಡುಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಮರ ಹತ್ತುವುದಂತೂ ದೂರವೇ ಉಳಿಯಿತು. ದೇವರಕಾಡುಗಳನ್ನು ಹತ್ತುವ ಪಟ್ಟಿಯಿಂದ ಪೂರ್ತಿ ಬಿಟ್ಟುಬಿಡಿ. ಕೊಡಗಿನಲ್ಲಿ ಅಂಥ ಕಾಡುಗಳು ಸಾವಿರಕ್ಕೂ ಹೆಚ್ಚಿವೆ, ಅಲ್ಲಿನ ಮರಗಳು ಆಸೆ ಹುಟ್ಟಿಸುತ್ತವೆ ನಿಜ. ಊರಿನವರು ಒಪ್ಪಿದರೆ ಹೊರಗೆ ನಿಂತು ಎತ್ತರ ಅಳೆಯಿರಿ, ಸಾಕು.

ಕಾಲ: ಡಿಸೆಂಬರ್ ಕೊನೆಯಿಂದ ಮಾರ್ಚ್ ಆರಂಭದವರೆಗೆ. ಆಗ ತೊಗಟೆ ಒಣಗಿರುತ್ತದೆ, ಜಿಗಣೆ ಇರುವುದಿಲ್ಲ. ಬಳಂಜಿ, ಬೂರುಗದಂಥ ಮರಗಳು ಎಲೆ ಉದುರಿಸಿರುವುದರಿಂದ ನೆತ್ತಿ ಸ್ಪಷ್ಟವಾಗಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗವನ್ನು ಮುಟ್ಟಲೇಬೇಡಿ. ಒಳ್ಳೆಯ ಕಾಲಕ್ಕೂ ಒಂದು ತೊಡಕಿದೆ. ಹೆಜ್ಜೇನು ಬರುವುದೂ ಆಗಲೇ. ಅದರ ಮಾತು ಹಂತ 4ರಲ್ಲಿ.

## ಹಂತ 2: ಸುತ್ತಳತೆ

ಹಿಂದೆ ಮರವನ್ನು ತೆಕ್ಕೆಯಲ್ಲಿ ಅಳೆಯುತ್ತಿದ್ದರು: ಎರಡು ತೆಕ್ಕೆಯ ಮರ, ಮೂರು ತೆಕ್ಕೆಯ ಮರ. ಮಾತಿಗೆ ಚೆಂದ, ಲೆಕ್ಕಕ್ಕೆ ಆಗುವುದಿಲ್ಲ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪ್ ಸುತ್ತಬೇಕು. ದರ್ಜಿಯ ಬಟ್ಟೆ ಟೇಪ್ ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಟೇಪ್ ಇರಲಿ.

ಇಳಿಜಾರಿನಲ್ಲಿ ಈ ಎತ್ತರವನ್ನು ಮೇಲ್ಬದಿಯ ನೆಲದಿಂದ ಲೆಕ್ಕ ಹಾಕಬೇಕು. ಎಲ್ಲರೂ ಮಾಡುವ ತಪ್ಪೆಂದರೆ ಮರದ ಹಿಂಬದಿಯಲ್ಲಿ ಟೇಪ್ ಜೋತುಬೀಳುವುದು. ದೊಡ್ಡ ಮರದಲ್ಲಿ ಇದರಿಂದ ಹತ್ತಾರು ಸೆಂಟಿಮೀಟರ್ ಹೆಚ್ಚು ಬರುತ್ತದೆ. ಒಂದು ಸುತ್ತು ನಡೆದು ನೋಡಿ. ಬುಡದಿಂದ ಹಲಗೆಯಂತೆ ಎದ್ದ ಬೇರುಗಳಿದ್ದರೆ ಅವು ಮುಗಿದು ಕಾಂಡ ದುಂಡಗಾಗುವ ಜಾಗಕ್ಕಿಂತ ಸುಮಾರು 30 ಸೆಂಟಿಮೀಟರ್ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಎಂಬುದನ್ನೂ ಬರೆದಿಡಿ. ಮೆಣಸಿನ ಬಳ್ಳಿ ಹಬ್ಬಿದ್ದರೆ ಟೇಪನ್ನು ಬಳ್ಳಿಯ ಒಳಗಿನಿಂದ ತೂರಿಸಿ. ಆಗದಿದ್ದರೆ ‘ಬಳ್ಳಿ ಸೇರಿ’ ಎಂದು ಬರೆಯಿರಿ. ಬಳ್ಳಿ ಕಿತ್ತರೆ ಆ ತೋಟಕ್ಕೆ ಮುಂದೆ ಪ್ರವೇಶವಿಲ್ಲ.

## ಹಂತ 3: ಎತ್ತರ

ಇಲ್ಲಿ ಅವಸರ ಬೇಡ.

ಮೊದಲು ಬರಿಗೈ ಲೆಕ್ಕ. ಒಂದು ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮೇಲಿನ ಕೋಲಿನ ಉದ್ದ, ಕಣ್ಣಿನಿಂದ ಮುಷ್ಟಿಗಿರುವ ದೂರಕ್ಕೆ ಸಮನಾಗಿರಬೇಕು. ಮುಷ್ಟಿ ಬುಡಕ್ಕೂ ಕೋಲಿನ ತುದಿ ನೆತ್ತಿಗೂ ಸರಿಹೊಂದುವವರೆಗೆ ಹಿಂದೆ ಹಿಂದೆ ಹೋಗಿ. ಅಲ್ಲಿಂದ ಮರಕ್ಕಿರುವ ದೂರವೇ ಮರದ ಎತ್ತರ. ಗದ್ದೆಯ ಬದಿಯ ಮರಕ್ಕೆ ಇದು ಪರವಾಗಿಲ್ಲ. ಇಳಿಜಾರಿನ ಕಾಫಿ ತೋಟದಲ್ಲಿ ನೆಚ್ಚುವಂತಿಲ್ಲ.

ಎರಡನೆಯದು ಕೋನಮಾಪಕ. ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ನೂಲು ಕಟ್ಟಿ, ನೂಲಿಗೆ ಒಂದು ನಟ್ಟು ತೂಗಿಬಿಟ್ಟರೆ ಸಾಕು. ಮೊಬೈಲಿನ ಆ್ಯಪ್ ಕೂಡ ಆದೀತು. ದೂರವನ್ನು ಕೋನದ ಟ್ಯಾನ್ಜೆಂಟಿನಿಂದ ಗುಣಿಸಿ, ಕಣ್ಣಿನ ಎತ್ತರವನ್ನು ಕೂಡಿಸುವ ಶಾಲೆಯ ಲೆಕ್ಕವೇ ಇದು. ಗೆಳೆಯರು ಮುಗ್ಗರಿಸಿದ್ದು ಇಲ್ಲೇ.

ಹೇಗೆಂದು ನೋಡಿ. ನೀವು ಕಾಂಡದಿಂದ 30 ಮೀಟರ್ ದೂರದಲ್ಲಿ ನಿಂತಿದ್ದೀರಿ. ನೆತ್ತಿ ಎಂದು ನೀವು ನೋಡುತ್ತಿರುವ ರೆಂಬೆ ನಿಜವಾಗಿ ನಿಮ್ಮ ಕಡೆಗೆ 6 ಮೀಟರ್ ಚಾಚಿಕೊಂಡಿದೆ, ನಿಮ್ಮ ಕಣ್ಣಿಗಿಂತ 28 ಮೀಟರ್ ಮೇಲಿದೆ. ಕೋನ 49 ಡಿಗ್ರಿ ಚಿಲ್ಲರೆ ತೋರಿಸುತ್ತದೆ. ಅದರ ಟ್ಯಾನ್ಜೆಂಟನ್ನು 30ರಿಂದ ಗುಣಿಸಿದರೆ 35 ಮೀಟರ್ ಬರುತ್ತದೆ. ಆ ರೆಂಬೆಗೆ ಇರುವ ಅಡ್ಡದೂರ 24 ಮೀಟರ್ ಮಾತ್ರ ಎಂಬುದು ಲೆಕ್ಕಕ್ಕೆ ಗೊತ್ತಿಲ್ಲ. ಏಳು ಮೀಟರ್ ಗಾಳಿಯಲ್ಲಿ ಹುಟ್ಟಿತು! ಕೊಡೆಯಂತೆ ಹರಡಿದ ಮರಗಳಲ್ಲಿ ಈ ತಪ್ಪು ಇನ್ನೂ ಹೆಚ್ಚು.

ಮದ್ದು ಲೇಸರ್ ದೂರಮಾಪಕ. ಗಾಲ್ಫ್ ಆಡುವವರು ಬಳಸುವ, ದೂರವನ್ನೂ ಕೋನವನ್ನೂ ತೋರಿಸುವ ಸಾಧಾರಣ ಉಪಕರಣ ಸಾಕು. ಇದು ಕಣ್ಣಿನಿಂದ ರೆಂಬೆಗಿರುವ ಓರೆ ದೂರವನ್ನೇ ಅಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 36.9 ಮೀಟರ್. ಇದನ್ನು ಕೋನದ ಸೈನ್‌ನಿಂದ, ಅಂದರೆ 0.759ರಿಂದ ಗುಣಿಸಿದರೆ ಸರಿಯಾಗಿ 28 ಸಿಗುತ್ತದೆ. ರೆಂಬೆ ಎತ್ತ ಚಾಚಿದ್ದರೂ ಲೆಕ್ಕ ಕೆಡುವುದಿಲ್ಲ. ನಿಜವಾದ ನೆತ್ತಿ ಸಿಗದಿದ್ದರೆ ಉತ್ತರ ಕಡಿಮೆ ಬರಬಹುದು, ಹೆಚ್ಚಂತೂ ಬರುವುದಿಲ್ಲ. ಆದ್ದರಿಂದ ಮರದ ಸುತ್ತ ಮೂರು ನಾಲ್ಕು ಕಡೆ ನಿಂತು, ಒಂದೊಂದು ಕಡೆಯೂ ಹತ್ತಾರು ಬಾರಿ ಅಳೆದು, ದೊಡ್ಡ ಅಂಕಿಯನ್ನು ಇಟ್ಟುಕೊಳ್ಳಿ.

ಇನ್ನು ಇಳಿಜಾರು. ಮರದ ಬುಡ ನಿಮ್ಮ ಕಣ್ಣಿಗಿಂತ ಕೆಳಗಿದ್ದರೆ ಬುಡದ ಅಳತೆಯನ್ನು ನೆತ್ತಿಯ ಅಳತೆಗೆ ಕೂಡಿಸಿ. ಬುಡ ಕಣ್ಣಿಗಿಂತ ಮೇಲಿದ್ದರೆ ಕಳೆಯಿರಿ. ಟೇಪನ್ನು ಇಳಿಜಾರಿನ ಉದ್ದಕ್ಕೆ ಎಳೆದು ಅದನ್ನೇ ಅಡ್ಡದೂರ ಎಂದುಕೊಳ್ಳಬೇಡಿ. 20 ಡಿಗ್ರಿ ಇಳಿಜಾರಿನಲ್ಲಿ 30 ಮೀಟರ್ ಟೇಪ್ ಎಂದರೆ ಅಡ್ಡದೂರ 28.2 ಮೀಟರ್ ಮಾತ್ರ. ಬುಡ ಎಂದರೆ ಇಳಿಜಾರಿನ ಮೇಲ್ಬದಿಯೂ ಅಲ್ಲ, ಕೆಳಬದಿಯೂ ಅಲ್ಲ, ಎರಡರ ನಡುವಿನ ಮಟ್ಟ.

ಕಾಫಿ ಗಿಡಗಳು ಬುಡವನ್ನು ಮುಚ್ಚಿಬಿಡುತ್ತವಲ್ಲ? ಕಾಂಡಕ್ಕೆ ಬುಡದಿಂದ ಸರಿಯಾಗಿ 2 ಮೀಟರ್ ಮೇಲೆ ಕೆಂಪು ಬಟ್ಟೆ ಕಟ್ಟಿ, ಅಲ್ಲಿಯವರೆಗೆ ಅಳೆದು, ಕೊನೆಗೆ 2 ಸೇರಿಸಿ. ಇಷ್ಟು ಸಣ್ಣ ಉಪಾಯ ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

## ಹಂತ 4: ಈ ಮರ ಹತ್ತಬಹುದೇ?

ಅಳತೆಗೆ ಎಲ್ಲ ಮರವೂ ಆಗುತ್ತದೆ, ಹತ್ತಲು ಆಗುವುದಿಲ್ಲ. ಮೊದಲು ಬುಡ ನೋಡಿ: ಅಣಬೆ ಎದ್ದಿದೆಯೇ, ಒಂದು ಬದಿಯ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದೆಯೇ, ಸಿಡಿಲು ಹೊಡೆದ ಉದ್ದನೆಯ ಗಾಯವಿದೆಯೇ? ಆಮೇಲೆ ಕತ್ತಿಯ ಬೆನ್ನಿನಿಂದ ಕಾಂಡವನ್ನು ಸುತ್ತಲೂ ತಟ್ಟಿ. ತೋಟದಲ್ಲಿ ನೆರಳು ಮರಗಳ ಕಪಾತು ಮಾಡುವ ಹಿರಿಯರೊಬ್ಬರು ಪ್ರತಿ ಮರಕ್ಕೂ ಹೀಗೆ ತಟ್ಟಿ ಕಿವಿ ಕೊಡುತ್ತಿದ್ದರು. “ಅಣ್ಣ, ಏನು ಕೇಳಿಸುತ್ತದೆ?” ಎಂದರೆ, “ಗಟ್ಟಿ ಮರ ಕತ್ತಿಗೆ ತಿರುಗಿ ಹೊಡೆಯುತ್ತದೆ, ಟೊಳ್ಳು ಮರ ಸುಮ್ಮನೆ ನುಂಗುತ್ತದೆ” ಎಂದರು. ಕೈಗೆ ಬರುವ ಆ ಹೊಡೆತವನ್ನು ಗಮನಿಸಿದ ಮೇಲೆ ನನಗೂ ವ್ಯತ್ಯಾಸ ತಿಳಿಯತೊಡಗಿತು.

ಮೇಲೆ ನೋಡುವಾಗ ಒಣಕೊಂಬೆ, ಮುರಿದು ಸಿಕ್ಕಿಕೊಂಡಿರುವ ಕೊಂಬೆ, ಇಕ್ಕಟ್ಟಾಗಿ ಒತ್ತಿಕೊಂಡ ಕವಲುಗಳನ್ನು ಹುಡುಕಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಸಿಲ್ವರ್ ಓಕ್ ನೆಟ್ಟಗೆ ಎತ್ತರಕ್ಕೆ ಹೋಗಿ ಕರೆಯುತ್ತದೆ, ಆದರೆ ಅದರ ಕೊಂಬೆ ಲಟಕ್ಕನೆ ಮುರಿಯುತ್ತದೆ. ಹಾಲುವಾಣ ಮೆದು, ಮೇಲಾಗಿ ಮುಳ್ಳು. ಬೂರುಗವೂ ಮುಳ್ಳೇ. ಮೊದಲ ವರ್ಷಕ್ಕೆ 8ರಿಂದ 10 ಮೀಟರ್ ಎತ್ತರದಲ್ಲಿ ದಪ್ಪ ಕೊಂಬೆಯಿರುವ ಹಲಸು, ಮಾವು ಸಾಕು. ಬಳಂಜಿ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ಮೂರರಲ್ಲಿ ಒಂದು ಕಂಡರೂ ಮಾತಿಲ್ಲದೆ ಹಿಂದಿರುಗಬೇಕು.

ಒಂದು, ಹೆಜ್ಜೇನು. ಈಗ ಜೇನುತಟ್ಟಿ ಕಾಣದಿದ್ದರೂ, “ಈ ಮರಕ್ಕೆ ಜೇನು ಬರುತ್ತದೆಯೇ?” ಎಂದು ತೋಟದವರನ್ನು ಕೇಳಿ. ಹೆಜ್ಜೇನು ವರ್ಷ ವರ್ಷವೂ ಅದೇ ಮರಕ್ಕೆ ಮರಳುವುದುಂಟು. ಕೊಂಬೆಯಡಿ ಹಳೆಯ ತಟ್ಟಿಯ ಕಪ್ಪು ಗುರುತು ಉಳಿದಿರುತ್ತದೆ. ಅಂಥ ಮರವನ್ನು ಕತ್ತಲಲ್ಲಿ ಹೊಗೆ ಹಾಕಿ ಹತ್ತುವುದು ಜೇನು ಕುರುಬರ ತಲೆಮಾರುಗಳ ವಿದ್ಯೆ. ಹವ್ಯಾಸಕ್ಕೆ ಹತ್ತುವವರು ಅದನ್ನು ಅನುಕರಿಸಲು ಹೋಗಬಾರದು.

ಎರಡು, ವಿದ್ಯುತ್ ತಂತಿ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ಕೊಡಗಿನಲ್ಲಿ ಪದೇಪದೇ ಓದುತ್ತೇವೆ. ಒದ್ದೆ ಹಗ್ಗವೂ ಏಣಿಯಷ್ಟೇ ಅಪಾಯ. ತಂತಿ ಯಾವುದೇ ಕೊಂಬೆಯ ಹತ್ತಿರ ಹಾದುಹೋಗಿದ್ದರೆ ಆ ಮರ ಬೇಡ.

ಮೂರು, ಮೋಡ ಕಟ್ಟಿದ ಮಧ್ಯಾಹ್ನ. ಕಾಫಿ ಹೂವರಳಿಸುವ ಹೂಮಳೆಯ ದಿನಗಳಲ್ಲಿ ಗಾಳಿ, ಗುಡುಗು ಹೇಳಿ ಕೇಳಿ ಬರುವುದಿಲ್ಲ. ಮಂಜು ಆರಿದ ಮೇಲೆ ಒಂಬತ್ತಕ್ಕೆ ಶುರು ಮಾಡಿ, ಹನ್ನೆರಡಕ್ಕೆ ನೆಲದ ಮೇಲಿರಿ.

ಚಗಳಿ ಇರುವೆಯ ಗೂಡು ಕಂಡರೆ ಜೀವಕ್ಕೇನೂ ಆಗದು, ಮರ್ಯಾದೆ ಹೋಗುತ್ತದೆ ಅಷ್ಟೆ. ಹಗ್ಗದಲ್ಲಿ ತೂಗಾಡುತ್ತಾ ಅಂಗಿ ಬಿಚ್ಚಲಾಗುವುದಿಲ್ಲ.

## ಹಂತ 5: ಸಲಕರಣೆ

ಮರ ಹತ್ತಲೆಂದೇ ಮಾಡಿದ ಹಾರ್ನೆಸ್ (ಸೊಂಟಕ್ಕೂ ತೊಡೆಗಳಿಗೂ ಕಟ್ಟುವ ಪಟ್ಟಿ), ಗಲ್ಲಪಟ್ಟಿ ಇರುವ ಹೆಲ್ಮೆಟ್, 11ರಿಂದ 13 ಮಿಲಿಮೀಟರ್ ದಪ್ಪದ, ಹೆಚ್ಚು ಹಿಗ್ಗದ ಹಗ್ಗ, ತಾನಾಗಿ ಬೀಗ ಬೀಳುವ ಲೋಹದ ಕೊಂಡಿಗಳಾದ ಕ್ಯಾರಬೀನರ್‌ಗಳು, ಮರಕ್ಕೆ ಸುತ್ತಿ ಹಾರ್ನೆಸ್‌ಗೆ ಸಿಕ್ಕಿಸುವ ಗಿಡ್ಡ ಹಗ್ಗ, ಕಣ್ಣಿಗೆ ಕನ್ನಡಕ. ಹಗ್ಗದ ಉದ್ದ ಕೊಂಬೆಯ ಎತ್ತರದ ಎರಡರಷ್ಟಕ್ಕಿಂತ ಹೆಚ್ಚಿರಬೇಕು. 20 ಮೀಟರ್ ಕೊಂಬೆಗೆ 45 ಮೀಟರ್ ಹಗ್ಗ.

ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ ದನ ಕಟ್ಟಲು ಚೆನ್ನ, ನಿಮ್ಮನ್ನು ಕಟ್ಟಲು ಅಲ್ಲ. ಬಂಡೆ ಹತ್ತುವವರ ಹಿಗ್ಗುವ ಹಗ್ಗವೂ ಈ ಕೆಲಸಕ್ಕೆ ಹೊಂದುವುದಿಲ್ಲ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಬಂಡೆ ಹತ್ತುವುದನ್ನು ಕಲಿತಿದ್ದರೆ ಗಂಟು, ಹಾರ್ನೆಸ್‌ಗಳ ಶಿಸ್ತು ಬಂದಿರುತ್ತದೆ. ಮರದ ಹಗ್ಗದ ವಿಧಾನವನ್ನು ಮಾತ್ರ ಬೇರೆಯಾಗಿಯೇ ಕಲಿಯಬೇಕು. ಕಾಲಿಗೆ ಕಟ್ಟುವ ಕಬ್ಬಿಣದ ಮುಳ್ಳು ಕಡಿಯುವ ಮರಕ್ಕೆ ಮಾತ್ರ. ಜೀವಂತ ಮರಕ್ಕೆ ಅದರ ಒಂದೊಂದು ಹೆಜ್ಜೆಯೂ ಒಂದೊಂದು ಗಾಯ.

## ಹಂತ 6: ನೂಲು ಎಸೆಯುವುದು

ಹಗ್ಗವನ್ನು ನೇರವಾಗಿ ಕೊಂಬೆಗೆ ಎಸೆಯಲಾಗದು. ಮೊದಲು 2 ಮಿಲಿಮೀಟರಿನ ನುಣುಪು ನೂಲು, ಅದರ ತುದಿಗೆ 300ರಿಂದ 400 ಗ್ರಾಂ ತೂಕದ ಉದ್ದನೆಯ ಚೀಲ. ನೂಲನ್ನು ನೆಲದ ಮೇಲೆ ಚೆಲ್ಲಿದರೆ ಒಣಗಿದ ಎಲೆ, ಕಾಫಿ ಚಿಗುರು ಎಲ್ಲಕ್ಕೂ ತೊಡರುತ್ತದೆ. ಕಾಫಿ ಕೊಯ್ಯುವ ಬುಟ್ಟಿಯೊಳಗೆ ಸಡಿಲವಾಗಿ ಬೀಳಿಸುತ್ತಾ ತುಂಬಿ.

ಕಾಲು ಅಗಲಿಸಿ ನಿಂತು, ಚೀಲವನ್ನು ಎರಡೂ ಕೈಯಲ್ಲಿ ತೊಡೆಗಳ ನಡುವೆ ಮೂರು ಬಾರಿ ತೂಗಿ, ಮುಂದಕ್ಕೆ ಬಂದಾಗ ಬಿಡಿ. ಬಲಕ್ಕಿಂತ ಬಿಡುವ ಗಳಿಗೆ ಮುಖ್ಯ. ಬೇಗ ಬಿಟ್ಟರೆ ಚೀಲ ಎದುರಿನ ಗಿಡಕ್ಕೆ ಹೋಗುತ್ತದೆ, ತಡವಾದರೆ ನಿಮ್ಮ ತಲೆಯ ಮೇಲಿಂದ ಹಿಂದಕ್ಕೆ. ಆದ್ದರಿಂದ ಎಸೆಯುವವರ ಹಿಂದೆ ಮುಂದೆ ಯಾರೂ ನಿಲ್ಲಬಾರದು. ನೂಲನ್ನು ಕೈಗೆ ಸುತ್ತಿಕೊಳ್ಳಲೂಬಾರದು. ಮೊದಲ ದಿನ ಐವತ್ತು ಸಲ ಎಸೆದರೆ ಐದು ತಾಗುತ್ತವೆ, ಬೇಸರ ಬೇಡ.

ಆರಿಸುವ ಕೊಂಬೆ ಜೀವಂತವಾಗಿರಬೇಕು, ಕಾಂಡದ ಹತ್ತಿರದಲ್ಲಿ ಕನಿಷ್ಠ 15 ಸೆಂಟಿಮೀಟರ್ ದಪ್ಪವಿರಬೇಕು. ನೂಲು ಆ ಕೊಂಬೆಯೊಂದರ ಮೇಲೆ ಮಾತ್ರ ಹಾದಿರಬೇಕು. ಮೇಲಿನ ತೆಳು ರೆಂಬೆಯೊಂದನ್ನೂ ಬಳಸಿ ಬಂದಿದ್ದರೆ ನೂಲನ್ನು ಆಡಿಸಿ, ಎಳೆದು, ಅಲ್ಲಿಂದ ಬೀಳಿಸಿ.

ಚೀಲ ಸಿಕ್ಕಿಕೊಂಡರೆ? ಗೆಳೆಯರು ನೂಲು ಹರಿದುಕೊಂಡದ್ದು ಇಲ್ಲೇ. ಜೋರಾಗಿ ಜಗ್ಗಬೇಡಿ. ಬಿಗಿದ ನೂಲು ಬಿಡಿಸಿಕೊಂಡಾಗ ಚೀಲ ಕವಣೆಕಲ್ಲಿನಂತೆ ಮುಖಕ್ಕೇ ಬರುತ್ತದೆ. ನೂಲು ಸಡಿಲಿಸಿ, ಬೇರೆ ಬೇರೆ ದಿಕ್ಕಿಗೆ ನಡೆದು ಹಗುರವಾಗಿ ಅಲುಗಾಡಿಸಿ.

## ಹಂತ 7: ಹಗ್ಗ ಏರಿಸಿ ಪರೀಕ್ಷಿಸುವುದು

ನೂಲಿಗೆ ಹಗ್ಗ ಕಟ್ಟಿ ಎಳೆದುಕೊಳ್ಳಿ. ಕೊಂಬೆಯ ಮೇಲೆ ಹಗ್ಗ ಹಾಯುವ ಕಡೆ ದಪ್ಪ ಕ್ಯಾನ್ವಾಸ್ ಕೊಳವೆಯೊಂದನ್ನು ಹಗ್ಗಕ್ಕೆ ತೊಡಿಸಿದರೆ ತೊಗಟೆಗೂ ಹಗ್ಗಕ್ಕೂ ಸವೆತವಿಲ್ಲ. ಆಮೇಲೆ ಹಗ್ಗದ ಎರಡೂ ಎಳೆಗಳನ್ನು ಒಟ್ಟಿಗೆ ಹಿಡಿದು ಇಬ್ಬರು ಪೂರ್ತಿ ತೂಕ ಬಿಟ್ಟು ತೂಗಿ ನೋಡಿ, ಹೆಲ್ಮೆಟ್ ಹಾಕಿಕೊಂಡೇ. ಲಟಪಟ ಸದ್ದು ಬಂದರೆ, ಕೊಂಬೆ ಬಾಗಿ ಹಿಂದಕ್ಕೆ ಬಾರದಿದ್ದರೆ, ಬೇರೆ ಕೊಂಬೆ ನೋಡಿ.

ಹಗ್ಗದ ಒಂದು ತುದಿ ನಿಮ್ಮ ಹಾರ್ನೆಸ್‌ಗೆ. ಆ ತುದಿಯಲ್ಲಿ ಉಳಿಸಿಕೊಂಡ ಉದ್ದದಿಂದ, ಮೇಲಿಂದ ಇಳಿದುಬಂದ ಇನ್ನೊಂದು ಎಳೆಯ ಸುತ್ತ ಬ್ಲೇಕ್ ಗಂಟು. ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಹಾಕಿ, ತುದಿಯನ್ನು ಕೆಳಕ್ಕೆ ತಂದು, ಎಳೆಯ ಹಿಂದಿನಿಂದ ಕೆಳಗಿನ ಎರಡು ಸುತ್ತುಗಳ ಒಳಗೆ ತೂರಿಸಿ, ತುದಿಗೆ ಎಂಟರ ಆಕಾರದ ತಡೆಗಂಟು ಹಾಕಬೇಕು. ಕೈಯಿಂದ ದೂಡಿದರೆ ಈ ಗಂಟು ಜರುಗುತ್ತದೆ, ತೂಕ ಬಿದ್ದರೆ ಕಚ್ಚಿಕೊಳ್ಳುತ್ತದೆ. ಓದಿ ಕಟ್ಟುವ ಗಂಟಲ್ಲ ಇದು. ಬಲ್ಲವರ ಮುಂದೆ ನೂರು ಬಾರಿ ಕಟ್ಟಿ, ನೆಲದಿಂದ ಒಂದು ಮೀಟರ್ ಮೇಲೆ ಅರ್ಧ ಗಂಟೆ ತೂಗಾಡಿ ನೋಡಿ. ಅಲ್ಲಿ ಸುಸ್ತಾದರೆ ಅಂದಿಗೆ ಸಾಕು.

## ಹಂತ 8: ಏರುವುದು

ಒಬ್ಬರೇ ಎಂದಿಗೂ ಹತ್ತಬೇಡಿ. ಕೆಳಗೆ ಒಬ್ಬರಾದರೂ ಇರಬೇಕು, ಅವರಿಗೆ ಹತ್ತಿ ನಿಮ್ಮನ್ನು ಇಳಿಸುವುದು ಗೊತ್ತಿರಬೇಕು, ಅದಕ್ಕೆ ಬೇಕಾದ ಎರಡನೆಯ ಹಗ್ಗ ಮರದ ಬಳಿಯೇ ಇರಬೇಕು. ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವುದೇ ಜೀವಕ್ಕೆ ಅಪಾಯ. ಕಾಲಿನಲ್ಲಿ ರಕ್ತ ನಿಂತುಬಿಡುತ್ತದೆ. ನಿಮಿಷಗಳಲ್ಲಿ ಕೆಳಗಿಳಿಸಬೇಕು. ತೋಟದ ಯಾವ ತಿರುವಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ಹತ್ತುವ ಮೊದಲೇ ನೋಡಿಟ್ಟು, ಅಲ್ಲಿಂದ 108ಕ್ಕೆ ದಾರಿ ಹೇಗೆ ಹೇಳುವುದೆಂದೂ ಯೋಚಿಸಿಡಿ.

ಸೊಂಟ ಎತ್ತಿ, ಹಗ್ಗ ಎಳೆದು, ಗಂಟನ್ನು ಮೇಲಕ್ಕೆ ದೂಡಿ, ಕುಳಿತುಕೊಳ್ಳಿ. ಮತ್ತೆ ಅದನ್ನೇ ಮಾಡಿ. ತೋಳಿನ ಬಲದಲ್ಲಿ ಹತ್ತುವವರು ಐದು ಮೀಟರಿಗೆ ಏದುಸಿರು ಬಿಡುತ್ತಾರೆ. ಹಗ್ಗದಲ್ಲೊಂದು ಕುಣಿಕೆ ಮಾಡಿ ಕಾಲಿಗೆ ಕೆಲಸ ಕೊಡಿ. ಎರಡು ಮೂರು ಮೀಟರಿಗೊಮ್ಮೆ ಗಂಟಿನ ಕೆಳಗೆ ಹಗ್ಗಕ್ಕೆ ಒಂದು ಜಾರುಗಂಟು ಹಾಕಿ. ಮೇಲಿನದು ಕೈಕೊಟ್ಟರೂ ಇದು ತಡೆಯುತ್ತದೆ.

ಮೀರಲೇಬಾರದ ಎರಡು ನಿಯಮಗಳಿವೆ. ಹಗ್ಗ ಹಾಯ್ದ ಕೊಂಬೆಗಿಂತ ಮೇಲಕ್ಕೆ, ಸಡಿಲ ಹಗ್ಗದೊಂದಿಗೆ ಹೋಗಬಾರದು. ಈ ಹಗ್ಗ ಹಿಗ್ಗುವುದಿಲ್ಲ, ಬಿದ್ದ ಹೊಡೆತವೆಲ್ಲ ಬೆನ್ನಿಗೇ. ಹಗ್ಗವನ್ನು ಮೇಲಿನ ಕೊಂಬೆಗೆ ಬದಲಿಸುವಾಗ ಮೊದಲು ಗಿಡ್ಡ ಹಗ್ಗವನ್ನು ಕಾಂಡಕ್ಕೆ ಸುತ್ತಿ ಸಿಕ್ಕಿಸಿ, ತೂಕ ಬಿಟ್ಟು ನೋಡಿ, ಆಮೇಲೆ ಮಾತ್ರ ಗಂಟು ಬಿಚ್ಚಿ.

## ಹಂತ 9: ಮೇಲಿನಿಂದ ಟೇಪ್

ನೆಲದಿಂದ ಎಷ್ಟೇ ಅಳೆದರೂ ಕೊನೆಯ ಮಾತು ಇಳಿಬಿಟ್ಟ ಟೇಪಿನದು. ಮಲೇಷ್ಯಾದ ಸಬಾದಲ್ಲಿರುವ ‘ಮೆನಾರಾ’ ಮರದ 100.8 ಮೀಟರ್ ಎತ್ತರ ಖಚಿತವಾದದ್ದೂ 2019ರಲ್ಲಿ ಒಬ್ಬರು ನೆತ್ತಿಯ ಬಳಿಗೆ ಹತ್ತಿ ಟೇಪ್ ಬಿಟ್ಟ ಮೇಲೆಯೇ.

ಕಾಂಡ ನಿಮ್ಮ ತೋಳಿಗಿಂತ ಸಣ್ಣದಾಗುವ ಮೊದಲೇ ನಿಲ್ಲಿ. ಉಳಿದ ಎತ್ತರಕ್ಕೆ ಹಗುರ ಬಿದಿರಿನ ದೋಟಿಯನ್ನು ನೆತ್ತಿಗೆ ಮುಟ್ಟಿಸಿ, ಅದರ ಉದ್ದವನ್ನು ಗುರುತು ಹಾಕಿಕೊಳ್ಳಿ. ದೋಟಿಯ ಕೆಳತುದಿಯ ಮಟ್ಟದಿಂದ, ತೂಕ ಕಟ್ಟಿದ ಟೇಪನ್ನು ಕಾಂಡದ ಬದಿಯಲ್ಲಿ ಇಳಿಬಿಡಿ. “ಕೆಳಗೆ ಬಂತು” ಎಂದು ಕೂಗಿದ ಕೂಡಲೇ ಬರೆದುಕೊಳ್ಳಬೇಡಿ. ಟೇಪ್ ನಡುವೆ ಕೊಂಬೆಗೆ ಆತು ಬಾಗಿದೆಯೇ ಎಂದು ಕೆಳಗಿನವರು ದೂರ ಸರಿದು ನೋಡಬೇಕು. ಓದುವುದು ಬುಡದ ನಡುಮಟ್ಟದಲ್ಲಿ.

## ಹಂತ 10: ಇಳಿದ ಮೇಲೆ

ಸರ್ರನೆ ಜಾರಿದರೆ ಗಂಟಿನ ಬಿಸಿಗೆ ಹಗ್ಗದ ಮೈ ಕರಗಿ ಗಾಜಿನಂತೆ ಹೊಳೆಯುತ್ತದೆ. ಹಾಗೆ ಹೊಳೆಯುವ, ಗಟ್ಟಿಯಾದ, ಅಥವಾ ಒಳಗೆ ತೆಳುವಾದಂತೆ ಕೈಗೆ ಸಿಗುವ ಜಾಗವಿದ್ದರೆ ಆ ಹಗ್ಗವನ್ನು ಇನ್ನು ಹತ್ತಲು ಬಳಸಬೇಡಿ. ನಿಧಾನವಾಗಿ ಇಳಿಯಿರಿ. ಹಗ್ಗದ ತುದಿ ನೆಲ ಮುಟ್ಟಿದೆಯೇ, ತುದಿಗೆ ತಡೆಗಂಟು ಇದೆಯೇ ಎಂದು ಹತ್ತುವ ಮೊದಲೇ ನೋಡಿರಬೇಕು.

ಹಗ್ಗವನ್ನು ನೆರಳಲ್ಲಿ ಒಣಗಿಸಿ ಮನೆಯೊಳಗಿಡಿ, ತೋಟದ ಗೋದಾಮಿನಲ್ಲಲ್ಲ. ಅಲ್ಲಿ ಬ್ಯಾಟರಿ ಆಸಿಡ್, ಗೊಬ್ಬರದ ಮೂಟೆ, ಪೆಟ್ರೋಲ್, ಇಲಿ ಎಲ್ಲವೂ ಇರುತ್ತವೆ. ಆಸಿಡ್‌ನ ಆವಿ ತಿಂದ ಹಗ್ಗ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ.

ಆಮೇಲೆ ಪುಸ್ತಕ ತೆಗೆದು ಬರೆಯಿರಿ: ಮರದ ಜಾತಿ, ದಿನಾಂಕ, ಸುತ್ತಳತೆ ಮತ್ತು ಅದನ್ನು ಅಳೆದ ಮಟ್ಟ, ಎತ್ತರ, ಅಳೆದ ವಿಧಾನ. ವಿಧಾನ ಬರೆಯದ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಆ ಸೋಮವಾರಪೇಟೆಯ ಬಳಂಜಿಗೆ ನನ್ನ ಪುಸ್ತಕದಲ್ಲಿ ಮೂರು ಸಾಲುಗಳಿವೆ. ಕೋನಮಾಪಕ, ಒಂದೇ ಕಡೆಯಿಂದ: 50. ಲೇಸರ್, ನಾಲ್ಕು ಕಡೆಯಿಂದ: 41.4. ಇಳಿಬಿಟ್ಟ ಟೇಪ್: 41.7.